ಕೋವಿಗೆ ಕಾಲು

ಮೊದಲು ಮಾಚಯ್ಯ ನಕ್ಕ, ಆಮೇಲೆ ಅಂಗಡಿಯವನು.
"ತೋಕಿಗೂ ಊರುಗೋಲಾ ದೇಚಮ್ಮ?
ನಿನ್ನಪ್ಪ ನಿಂತ ನಿಲುವಿನಲ್ಲೇ ತೆಂಗಿನಕಾಯಿ ಒಡೆದವರು,
ಕೈಲ್‌ಪೊದು ದಿನ, ಬಾಳೆಲೆ ಮೈದಾನದಲ್ಲಿ.
ಚಾಚಿದ ಕೈ ಮೇಲೆ ಚಾ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ."

ನಾನು ನಗಲಿಲ್ಲ. ಐವತ್ತೆಂಟು ನನಗೆ.
ಮೆಣಸು ಕೊಯ್ಯುವಾಗ ಏಣಿ ಜಾರಿದ ವರ್ಷ
ಮುರಿದ ಎಡಮುಂಗೈ ಸೊಟ್ಟಗೆ ಕೂಡಿತು.
ಅಂದಿನಿಂದ ನಳಿಗೆಯ ತುದಿ ನೀರಿನ ಮೇಲಿನ ಕಡ್ಡಿ.
ಕೋವಿಯೋ ಒಂಟಿ ತೋಟೆಯದು:
ಮಡಚು, ತುರುಕು, ಮುಚ್ಚು. ಒಂದೇ.
ಎರಡನೆಯದಕ್ಕೆ ಕೈ ಜೇಬಿಗೆ ಹೋಗುವಷ್ಟರಲ್ಲಿ
ಹಂದಿ ಕೇರಳ ದಾಟಿರುತ್ತದೆ.

ಹಾಗಾಗಿ ಕಾಲು ತಂದೆ. ಕಪ್ಪು, ಸಣಕಲು,
ಮಡಚಿದರೆ ನಳಿಗೆಯ ಅಡಿ ಮಿಡತೆಯಂತೆ ಮಲಗುವಂಥದ್ದು.

ಮೊದಲ ದಿನ ಕಣದ ಕಲ್ಲುಚಪ್ಪಡಿಯ ಮೇಲೆ ಊರಿದೆ.
ಡಬ್ಬಿಗಿಂತ ನಾಲ್ಕು ಬೆರಳು ಮೇಲೆ ಹೋಯಿತು ಗುಂಡು.
ಕಲ್ಲು ಒದೆಯುತ್ತದೆ ಎಂದು ತಿಳಿದದ್ದು ಆಗ.
ಗೋಣಿ ಮಡಚಿ ಹಾಕಿದೆ. ಎರಡು ಬೆರಳು.
ಮುಂದಿನ ಕಟ್ಟಿಗೆಯ ತಿರುಪು ಬಿಗಿದಷ್ಟೂ ನಳಿಗೆ ಮುನಿಯುತ್ತದೆ,
ಅರ್ಧ ಸುತ್ತು ಸಡಿಲಿಸಿದೆ.
ಹಿಂದೆ, ಭುಜದ ಕೆಳಗೆ,
ಹಳೆ ಕಾಲುಚೀಲಕ್ಕೆ ಭತ್ತ ತುಂಬಿ ಇಟ್ಟೆ:
ಹಿಂಡಿದರೆ ತುದಿ ಇಳಿಯುತ್ತದೆ, ಬಿಟ್ಟರೆ ಏರುತ್ತದೆ,
ಹಾಲು ಕರೆಯುವಷ್ಟು ಹಗುರ ಹಿಡಿತ ಸಾಕು.
ಹದಿನೇಳು ತೋಟೆ ಖರ್ಚು.
ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿದ್ದೇನೆ ಎಲ್ಲ.

ಪುತ್ತರಿಗೆ ಇನ್ನೂ ತಿಂಗಳಿತ್ತು, ತೆನೆ ಹಾಲು ಕಟ್ಟಿತ್ತು.
ಕೆಳಗದ್ದೆಯಲ್ಲಿ ಮೂರೇ ರಾತ್ರಿಗೆ
ನಾಲ್ಕು ಭಟ್ಟಿ ಭತ್ತ ಆಗಬೇಕಾದ ಜಾಗ
ಬರೀ ಉರುಳಾಡಿದ ಕೆಸರು.
ಚಾತ ಟಾರ್ಚು ಹಿಡಿದು ಬಂದ.
ನಾನು ಹೇಳುವವರೆಗೆ ಹೊತ್ತಿಸಬೇಡ ಅಂದೆ.
ತಮ್ಮನ ಪ್ಯಾಂಟು ಹಾಕಿ ಬದುವಿನ ಮೇಲೆ ಬೋರಲು ಬಿದ್ದೆ,
ಮೊಣಕೈಗೆ ಒಂದು ಜಿಗಣೆ, ಇರಲಿ ಎಂದುಕೊಂಡೆ.
ಎರಡು ಕಾಲೂ ಮೆತ್ತನೆಯ ಮಣ್ಣಿಗೆ ಇಳಿದವು,
ಭುಜದಿಂದ ತುಸು ತಳ್ಳಿ ಒರಗಿದೆ.
ಎಷ್ಟೋ ವರ್ಷದ ಮೇಲೆ, ಎಲ್ಲ ನಿಂತಿತು.

ಹತ್ತರ ಮೇಲೆ ಭತ್ತ ಸರಸರ ಅಂದಿತು.
"ಹೂಂ" ಅಂದೆ. ಬೆಳಕು ಬಿತ್ತು.
ಗಂಡು. ಒಂಟಿ. ಬಾಯಿಂದ ತೆನೆ ನೇತಾಡುತ್ತಿದೆ.
ಕಿವಿಯ ಹಿಂದೆ ಕೂದಲುದುರಿದ ಜಾಗ,
ಅಲ್ಲಿ ಹತ್ತಿದ ಉಣ್ಣಿಗಳನ್ನೂ ಎಣಿಸಬಹುದು.
ದುರ್ಬೀನಿನ ಗೆರೆ ಅಲ್ಲೇ ಕೂತಿದೆ,
ಕದಲದೆ, ನನ್ನನ್ನು ಕಾಯುತ್ತಾ.

ಅಪ್ಪ ಎಷ್ಟೋ ರಾತ್ರಿ ಇದೇ ಗದ್ದೆಯಿಂದ
ಬರಿಗೈಯಲ್ಲಿ ಮನೆಗೆ ಬಂದವರು.
"ಕೈ ಅಲ್ಲಾಡಿತು ಮಗಳೇ" ಅನ್ನುತ್ತಿದ್ದರು ಕೋವಿ ಒರಸುತ್ತಾ.
ಅವ್ವ ಗೊಣಗುತ್ತಾ ರೊಟ್ಟಿ ತಟ್ಟುತ್ತಿದ್ದಳು.
ಚಾ ಲೋಟ ತುಳುಕದ ಕೈ.
ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲ.

ನನಗೆ ದೂರಲು ಈಗ ಕೈಯೂ ಇಲ್ಲ.
ಮಣ್ಣು ಹಿಡಿದಿದೆ, ಭತ್ತದ ಚೀಲ ಹಿಡಿದಿದೆ,
ಉಳಿದದ್ದು ತೋರುಬೆರಳಿನ ಮೊದಲ ಗೆಣ್ಣು,
ಅದೊಂದು ಪೂರ್ತಿ ನನ್ನದು.

ಅರ್ಧ ಉಸಿರು ಬಿಟ್ಟೆ. ಚೀಲ ಹಿಂಡಿದೆ.

ಸದ್ದು ಬೆಟ್ಟ ಮುಟ್ಟಿ ವಾಪಸು ಬರುವ ಮೊದಲೇ
ಅದು ಬಿದ್ದಿತ್ತು.
ಚಾತ ತನ್ನ ಮಾತಿನಲ್ಲಿ ಏನೋ ಹೇಳಿಕೊಂಡ.
ಕೋವಿ ಮಡಚಿ ಖಾಲಿ ತೋಟೆ ತೆಗೆದೆ, ಅಂಗೈ ಚುರುಕ್ಕೆಂದಿತು.
ಬಹಳ ಹೊತ್ತು ಏಳಲಿಲ್ಲ.

ಬೆಳಿಗ್ಗೆ ನೀರು ತಿರುಗಿಸಲು ಹೋದಾಗ
ಬದುವಿನ ಮೇಲೆ ಎರಡು ತೂತು, ಗೇಣು ಅಂತರ.
ಒಂದರಲ್ಲಿ ನೀರು.
ಇನ್ನೊಂದನ್ನು ಏಡಿಮರಿಯೊಂದು ಆಗಲೇ ಮನೆ ಮಾಡಿಕೊಂಡಿತ್ತು,
ನನ್ನ ನೆರಳು ಬಿದ್ದದ್ದೇ ಒಳಗೆ ಸರಿಯಿತು.

ಮಾಚಯ್ಯ ಪಾಲಿಗೆ ಬಂದಿದ್ದ, ಬುಟ್ಟಿ ಸಮೇತ.
ನಗಲಿಲ್ಲ ಈ ಸಲ.
ಆ ಕಾಲಿಗೆ ಎಷ್ಟಾಯಿತು ಅಂದ.
ಹೇಳಿದೆ.
"ಅಷ್ಟೇನಾ?" ಅಂದ.