ಒಂದು ಗುಡಿಸಿನ ಅಂತರ

ಶಿವರಾಂಪೇಟೆಯ ಅಡ್ಡರಸ್ತೆ, ಪಾಯಣ್ಣ ಪಂಡಿತರ ಔಷಧದಂಗಡಿ.
ನಾನು ಬರೀ ಲೆಕ್ಕ ಬರೆಯುವವಳು, ಬುಧವಾರ, ಶನಿವಾರ.

ಲೇಹ್ಯದ ಕಡಾಯಿಗೆ ಬೀಳುವ ಸೊಪ್ಪು ನಲವತ್ತು ಗ್ರಾಂ.
ರಿಜಿಸ್ಟರಿನಲ್ಲಿ ಅದರ ಹೆಸರು ವಿಜಯ;
ಇವರಜ್ಜ ಭಂಗಿ ಅಂತಲೇ ಕರೆದು
ಹಿತ್ತಲ ಬಾವಿಕಟ್ಟೆಯ ಮೇಲೆ ಒಣಹಾಕುತ್ತಿದ್ದರಂತೆ.

ಈಗ ಅದಕ್ಕೊಂದು ಕಬ್ಬಿಣದ ಬೀರು,
ಎರಡು ಬೀಗ, ಕೀಲಿ ಬೇರೆ ಬೇರೆ ಸೊಂಟದಲ್ಲಿ,
ಮೇಲೊಂದು ಕ್ಯಾಮೆರಾ. ಅದು ಹಗಲಿಡೀ ನೋಡುವುದು
ಬೀರುವಿನ ಮುಂದೆ ತೂಕಡಿಸುವ ಪಂಡಿತರನ್ನೇ.

ಸೊಪ್ಪಿಗೆ ನೂರಿಪ್ಪತ್ತು ರೂಪಾಯಿ.
ಲೈಸೆನ್ಸು, ನವೀಕರಣ, ತಕ್ಕಡಿಗೆ ಮುದ್ರೆ,
ಲ್ಯಾಬಿನ ವರದಿ, ಅಬಕಾರಿ ಕಚೇರಿಗೆ ಆಟೋ,
ಕೂಡಿದೆ. ಮತ್ತೆ ಕೂಡಿದೆ. ಪಂಡಿತರಿಗೆ ಹೇಳಲಿಲ್ಲ.
ಡಬ್ಬಿಗೆ ಹತ್ತು ಏರಿಸಿದರೂ
ಮಂಡಿ ಮೊಹಲ್ಲಾದ ನೂರ್‌ಬಾನು ಎರಡರ ಬದಲು ಒಂದೊಯ್ಯುತ್ತಾಳೆ.

ಕಳೆದ ತಿಂಗಳು ಸೊಪ್ಪು ಒಣಗಿ ಮೂರು ಗ್ರಾಂ ಕಡಿಮೆ ಬಂತು.
'ನಿಯಮ ಭಂಗ' ಎಂದು ಬರೆದರು ಇನ್ಸ್‌ಪೆಕ್ಟರು, ದುಂಡಗಿನ ಅಕ್ಷರ.
ಭಂಗಕ್ಕೂ ಭಂಗಿಗೂ ಒಂದು ಗುಡಿಸಿನ ಅಂತರ!
ನಕ್ಕೆ;
ದಂಡದ ಮೊತ್ತ ನೋಡಿ ನಿಲ್ಲಿಸಿದೆ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅವರೇ, ಮೆಲ್ಲಗೆ:
'ಅಮ್ಮನಿಗೆ ರಾತ್ರಿ ನಿದ್ದೆಯೇ ಇಲ್ಲ. ಒಂದು ಡಬ್ಬಿ...'
ಪಂಡಿತರು ಕೊಟ್ಟರು, ದುಡ್ಡು ಬೇಡವೆಂದರು.

ನಾನು ಬಿಲ್ಲು ಹರಿದು ಕೈಗಿತ್ತೆ.
ಒಂದು ಡಬ್ಬಿಯೂ ಲೆಕ್ಕ ತಪ್ಪಬಾರದಲ್ಲ, ಸಾರ್.