ಕಾಗದದ ಮೇಲೊಂದು ಸುತ್ತು

ಕುಮಾಸಿಯಿಂದ ತಾರ್ತುವಿಗೆ ಲಕೋಟೆ ಬರಲು
ಹತ್ತೊಂಬತ್ತು ದಿನ ಹಿಡಿಯಿತು.
ಒಡೆದರೆ, ಅಂಗೈಯಗಲದ ಸೋಸು ಕಾಗದ,
ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಸುತ್ತು,
ಪಕ್ಕದಲ್ಲೊಂದು ಬಾಣ: ಇಲ್ಲಿದೆ.

ಏನೂ ಇರಲಿಲ್ಲ ಅಲ್ಲಿ.
ತಾವಿ ದೀಪಕ್ಕೆ ಹಿಡಿದು ನೋಡಿದ.
ರಾಗ್ನೆ ಮೂಸಿದಳು; ಮೂಸಬಾರದೆಂದು
ಅವಳ ತಲೆಯ ಮೇಲೆಯೇ ಗೋಡೆಯಲ್ಲಿ ಬರೆದಿದೆ.

ಒಣಗಿದ ಒಂದು ಹನಿ ಡಿಎನ್ಎ ಅದು.
ಪಾದರಸ ಕಂಡರೆ ಬಣ್ಣ ತಿರುಗು ಎಂದು
ಬ್ಯಾಕ್ಟೀರಿಯಾಕ್ಕೆ ಹೇಳಿಕೊಡುವ ನಾಲ್ಕು ಮಾತು.
ಅವರ ನದಿಯಲ್ಲಿ ಮೇಲುಗಡೆ ಚಿನ್ನ ತೊಳೆಯುತ್ತಾರೆ,
ತೊಳೆದ ನೀರು ಊರಿಗಿಳಿಯುತ್ತದೆ,
ಬೋಗುಣಿ ಹೊತ್ತವರಿಗೆ ಅದರಲ್ಲೇನಿದೆಯೆಂದು
ಯಾರಾದರೂ ಹೇಳಬೇಕಲ್ಲ.
ಇದು ಹೇಳುತ್ತದೆ, ಆದರೆ ಪಿಸುದನಿಯಲ್ಲಿ,
ಕಂಡೂ ಕಾಣದ ನೇರಳೆಯಲ್ಲಿ.
"ದನಿ ಏರಿಸುವ ತುಣುಕು ನಿಮ್ಮಲ್ಲಿದೆಯಂತೆ,
ಜೋಡಿಸಿ ನೋಡಿ," ಎಂದು ಬರೆದಿದ್ದಳು ಸೆರ್ವಾ.

ಜತೆಗೆ ಇನ್ನೊಂದು ಹಾಳೆ:
ನಾವು ಸೋತ ಹನ್ನೊಂದು ಬಗೆ.
ಒಂದು, ನೀರನ್ನು ಬರಿದೆ ಕುದಿಸಿ ನಂಬಿದ್ದು.
ನಾಲ್ಕು, ಗಡಿಬಿಡಿಯಲ್ಲಿ ಐಸು ಮರೆತದ್ದು.
ಏಳು, ಅಂಪೋಫೊ.
ಏಳರಲ್ಲಿ ಅಷ್ಟೇ ಇತ್ತು, ಏನು ಮಾಡಿದನೋ ಬರೆದಿರಲಿಲ್ಲ.
ಕೆಳಗೆ: ಇವನ್ನೇ ಮತ್ತೆ ಮಾಡಬೇಡಿ. ಹೊಸದಾಗಿ ಸೋಲಿರಿ.
ಸೋತರೆ ನಮಗೂ ತಿಳಿಸಿ.

ನಾವು ತಿಳಿಸಲಿಲ್ಲ.
ಮೂರು ವಾರ, ಬೆಳಿಗ್ಗೆ ಬೆಳಿಗ್ಗೆ
ಬೋಳು ತಟ್ಟೆಗಳನ್ನು ತೆಗೆದು, ನೋಡಿ, ಎಸೆದು,
ಕೆಲಸ ಚೆನ್ನಾಗಿ ಸಾಗಿದೆ ಎಂದು ಬರೆದೆ. ನಾನೇ ಬರೆದೆ.
ನಮ್ಮ ಯಂತ್ರಗಳು ಅವರವಕ್ಕಿಂತ ಹೊಸವು;
ಹೊಸ ಯಂತ್ರದ ಮುಂದೆ ಸೋತವರಿಗೆ ನಾಚಿಕೆ ಹೆಚ್ಚು.

ಅಜ್ಜಿ ರೈ ರೊಟ್ಟಿಯ ಹೆಪ್ಪನ್ನು ಜಾಡಿಯಲ್ಲಿಡುತ್ತಿದ್ದಳು.
ಕೇಳಿದವರಿಗೆಲ್ಲ ಒಂದು ಚಮಚ.
ಹೀಗೆ ಬೀದಿಗೆಲ್ಲ ಹಂಚಿದರೆ ನಿನಗುಳಿಯುವುದೇನು ಅಂದಿದ್ದೆ,
ಆಗ ನನಗೆ ಒಂಬತ್ತು.
ನಾದುವ ಕೈ ನಿಲ್ಲಿಸದೆ ಹೇಳಿದಳು:
ಜಾಡಿ ಒಡೆಯುತ್ತದೆ, ಕೆರ್ತು. ಬೀದಿ ಒಡೆಯುತ್ತದೆಯೇ?

ಫೆಬ್ರುವರಿ. ಕಿಟಕಿಯಾಚೆ ನದಿ ಕಲ್ಲಾಗಿತ್ತು.
ಪರದೆಯಲ್ಲಿ ಸೆರ್ವಾಳ ಮುಖ, ನನ್ನದು ತಗ್ಗಿಸಿದ್ದು.
ಎಲ್ಲ ಒಪ್ಪಿಕೊಂಡೆ.
"ತಟ್ಟೆಗೆ ಯಾವ ಔಷಧಿ ಬೆರೆಸಿದಿರಿ?" ಕೇಳಿದಳು.
ಹೇಳಿದೆ.
ಅತ್ತ ಕಡೆ ಆರು ಜನ ಒಟ್ಟಿಗೆ ನಕ್ಕರು.
ಅದು ತಾಳಿಕೊಳ್ಳುವ ಔಷಧಿಯೇ ಬೇರೆ;
ಹಾಲೂಡಿಸುತ್ತೇವೆಂದು ದಿನಾ ವಿಷವಿಟ್ಟಿದ್ದೆವು.
"ಹನ್ನೆರಡು," ಎಂದ ಅಂಪೋಫೊ, ಹಿಂದಿನಿಂದ,
ಹಗುರಾದವನಂತೆ.

ಆಮೇಲೆ ಬಂದವು ಸಾಸಿವೆಗಿಂತ ಸಣ್ಣ ಚುಕ್ಕಿಗಳು.
ನಮ್ಮ ತುಣುಕು ಸೇರಿಸಿ, ಪಾದರಸ ತೋರಿಸಿ,
ರಾತ್ರಿಯೆಲ್ಲ ಕುರ್ಚಿಯಲ್ಲೇ ತೂಕಡಿಸಿ ಎದ್ದರೆ
ಕಾಡುಹಣ್ಣು ತಿಂದ ಮಗುವಿನ ನಾಲಿಗೆಯ ನೇರಳೆ!
ತಾವಿ ಸಾಕ್ಸಿನಲ್ಲೇ ಕುಣಿದ.

ಹೇಳೋಣವೆಂದು ಕರೆದರೆ
ಸೆರ್ವಾ ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಮಸಿ ಹಿಡಿದ ಶೀಷೆ ಒರೆಸುತ್ತಿದ್ದಳು.
ಮೂರು ದಿನ ಕರೆಂಟಿರಲಿಲ್ಲ,
ಬಂದದ್ದು ಸಿಡಿಲಿನ ಹಾಗೆ ಬಂತು.
ಫ್ರೀಜರು ಉರಿಯಿತು. ಒಳಗಿದ್ದ ಎರಡು ವರ್ಷವೂ.
ನನ್ನ ಬಾಯಲ್ಲಿದ್ದ ನೇರಳೆ ಬಾಯಲ್ಲೇ ಉಳಿಯಿತು.
ರಾಗ್ನೆ ನನ್ನನ್ನು ಸರಿಸಿ, ತಟ್ಟೆಯನ್ನೆತ್ತಿ
ಕ್ಯಾಮೆರಾಗೆ ಹಿಡಿದಳು.
ಅತ್ತ ಟಾರ್ಚು ಕೆಳಗೆ ಬಿದ್ದ ಸದ್ದು.

ಈಗ ಒಂದೇ ಕಾಗದದಲ್ಲಿ ಎರಡು ಸುತ್ತು,
ಒಂದು ಅವರು ಕೊಟ್ಟದ್ದು ಹಾಗೇ,
ಇನ್ನೊಂದು ಯಾರದೆಂದು ಹೇಳುವುದು ಕಷ್ಟ.
ಜತೆಗೆ ಸೋಲಿನ ಹಾಳೆ, ಹತ್ತೊಂಬತ್ತರವರೆಗೆ ಬೆಳೆದದ್ದು.
ಅಂಚೆ ಕಚೇರಿಯಲ್ಲಿ ಸುಂಕದ ಚೀಟಿ ತುಂಬಿದೆ.
ಒಳಗಿರುವುದು: ಕಾಗದ.
ಬೆಲೆ ಎಂಬಲ್ಲಿ ಪೆನ್ಸಿಲ್ಲು ನಿಂತಿತು.
ಸಾಲಿನಲ್ಲಿ ಹಿಂದಿದ್ದ ಮುದುಕ ಕೆಮ್ಮಿದ.
ಒಂದು ಸೊನ್ನೆ ಸುತ್ತಿದೆ;
ಪಕ್ಕದಲ್ಲಿ ಬಾಣವನ್ನೂ ಎಳೆಯುವವಳಿದ್ದೆ.