ಎಂಟು ದಿನ, ನಾಲ್ಕು ದೇಶ, ಒಂದು ಮೊಣಕಾಲು

ಫೆಬ್ರವರಿ. ಕ್ರಾಕೋವಿನ ನಾಲ್ಕನೇ ಮಹಡಿ.
ಹೊರಗೆ ಹಿಮ ಕೆಸರಾಗಿ
ಟ್ರಾಮಿನ ಗಾಲಿಗೆ ಮೆತ್ತಿಕೊಂಡಿದೆ.
ಒಳಗೆ, ಮೇಜಿನ ಮೇಲೆ, ಆಗಲೇ ಜೂನ್.

ಜಿತಾ ಟ್ರಾಮ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವಳು.
ನಮ್ಮ ರಜೆಯನ್ನೂ ನಿಮಿಷ ನಿಮಿಷಕ್ಕೆ ಸೀಳಿದ್ದಾಳೆ:
ವಿಯೆನ್ನಾದಲ್ಲಿ ಇಳಿಯುವುದು ಏಳಕ್ಕೆ,
ಬಾಡಿಗೆ ಸೈಕಲ್ಲು ಎಂಟೂ ಹತ್ತಕ್ಕೆ,
ಡ್ಯಾನ್ಯೂಬಿನ ದಂಡೆ ಹಿಡಿದು ಬ್ರಾಟಿಸ್ಲಾವಾ,
ಎಪ್ಪತ್ತು ಕಿಲೋಮೀಟರು, ಎದುರುಗಾಳಿ ಸೇರಿ ಆರು ತಾಸು.
"ಗಾಳಿಗೂ ಟಿಕೆಟ್ ತೆಗೆಸಿದ್ದೀಯಾ?" ಅಂದ ರೋಖ್.
ಅವಳು ನಗಲಿಲ್ಲ. ಇನ್ನೊಂದು ಸಾಲು ಸೇರಿಸಿದಳು.

ರೋಖನಿಗೆ ಬೇಕಾದದ್ದು ಸ್ಲೊವೇನಿಯಾ.
ಹಸಿರು ನದಿ, ರಬ್ಬರ್ ದೋಣಿ, ಹಗ್ಗ, ಹೆಲ್ಮೆಟ್ಟು.
ವರ್ಷವಿಡೀ ಊರವರ ಹಲ್ಲಿನ ಅಚ್ಚು ತೆಗೆದವನಿಗೆ
ತನ್ನ ಹಲ್ಲು ಕಚ್ಚುವಂಥದು ಏನಾದರೂ ಬೇಕು.

ನನಗೆ ಸಮುದ್ರ.
ಟ್ರಿಯೆಸ್ಟೆಯ ಕಲ್ಲುಕಟ್ಟೆಯಿಂದ ಒಂದೇ ಒಂದು ಸಲ ಧುಮುಕಿ,
ಈಜು ಬರುತ್ತದೆಂದು ಕಾಲೇಜಿನಲ್ಲಿ ಹೇಳಿದ್ದ ಸುಳ್ಳನ್ನು
ಇಪ್ಪತ್ತು ವರ್ಷದ ಮೇಲೆ ನಿಜ ಮಾಡಬೇಕು.
ಅದಕ್ಕೇ ಗುರುವಾರ ಗುರುವಾರ ಕೊಳದಲ್ಲಿ
ಏಳು ವರ್ಷದ ಮಕ್ಕಳ ಸಾಲಿನಲ್ಲಿ ಕಾಲು ಬಡಿಯುತ್ತೇನೆ.
ಇವರಿಗೆ ಗೊತ್ತಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ;
ನಮ್ಮ ಗಾಡಿಗೆ ನಾಲ್ಕು ಪ್ರಾಣಿ, ಎಂಟು ದಿಕ್ಕು.

ಆಗ ಬೋಗ್ನಾ, ಅಷ್ಟು ಹೊತ್ತೂ ಸುಮ್ಮನಿದ್ದವಳು,
"ನನ್ನ ಮೊಣಕಾಲು ಬರೋದಿಲ್ಲವಂತೆ" ಅಂದಳು,
ಐದನೆಯವರೊಬ್ಬರು ಫೋನು ಮಾಡಿ ತಿಳಿಸಿದ ಹಾಗೆ.
ಬಿದ್ದವರ ಕಾಲಿಗೆ ಮತ್ತೆ ನಡಿಗೆ ಕಲಿಸುವವಳು ಅವಳು.
ಜಿತಾಳ ಪೆನ್ಸಿಲ್ಲು ಮೊದಲ ಸಲ ತಡವಾಗಿ ಓಡಿತು,
ಆಮೇಲೆ ನಿಂತಿತು.

ನಮ್ಮ ತಟ್ಟೆಗಳ ಕೆಳಗೆ ಹಾಸಿದ್ದು ಯಾದ್ವಿಗಾ ಚಿಕ್ಕಮ್ಮನ ಅಟ್ಲಾಸು.
ಇಪ್ಪತ್ತಾರು ವರ್ಷ ಲಾರಿ ಓಡಿಸಿದವಳು.
ಅಲ್ಲಲ್ಲಿ ಕೆಂಪು ಸುತ್ತು. ಕೋಟೆಗಲ್ಲ, ಚರ್ಚಿಗಲ್ಲ:
ಇಲ್ಲಿ ಬಿಸಿನೀರು.
ಇಲ್ಲಿ ಡೀಸೆಲ್ ಕಳ್ಳರು.
ಇಲ್ಲಿ ಸೂಪು ಒಳ್ಳೆಯದು, ಯಜಮಾನಿ ಕೆಟ್ಟವಳು.

ಬೀಟ್‌ರೂಟು ಹೆಚ್ಚುತ್ತಿದ್ದವಳು ಬಾಗಿಲಿಗೆ ಬಂದಳು.
"ಎಂಟು ದಿನಕ್ಕೆ ನಾಲ್ಕೇ ದೇಶವಾ?
ಎರಡು ದಿನದಲ್ಲಿ ಐದು ದಾಟಿದ್ದೆ ನಾನು,
ಮೊಸರಿನ ಲೋಡು ಹುಳಿಯಾಗುವ ಮೊದಲು.
ಏನು ಕಂಡೆ, ಕೇಳಿ.
ಮುಂದಿನ ಲಾರಿಯ ಬೆನ್ನು.
ಒಮ್ಮೆ ಮಾತ್ರ, ಗಡಿಯ ಸಾಲಿನಲ್ಲಿ ಮೂವತ್ತು ತಾಸು ನಿಂತಾಗ
ಕೆಳಗಿಳಿದೆ. ಪಕ್ಕದಲ್ಲೊಂದು ಚೆರ್ರಿ ಮರ.
ಈಚೆಯದೋ ಆಚೆಯದೋ, ಹೇಳುವವರಿರಲಿಲ್ಲ.
ಹೊಟ್ಟೆ ಬಿರಿಯೆ ತಿಂದೆ."
ಕೆಂಪು ಕೈ ಒರೆಸಿಕೊಂಡು ಒಳಗೆ ಹೋದಳು.

ಬೋಗ್ನಾ ಅಟ್ಲಾಸನ್ನು ತನ್ನತ್ತ ಎಳೆದುಕೊಂಡಳು.
"ನೀವು ಸೈಕಲ್ಲು ತುಳಿದು ಸಾಯಿರಿ.
ನಾನು ಚೀಲಗಳ ಜೊತೆ ಹಡಗಿನಲ್ಲಿ.
ನೀವು ಬರುವಷ್ಟರಲ್ಲಿ ನಿಮ್ಮ ಬಿಯರು ಬೆಚ್ಚಗಾಗಿರುತ್ತದೆ,
ಅಷ್ಟೇ ನಷ್ಟ.
ಆಮೇಲೆ ಇಲ್ಲಿ, ಗೊರಿಜಿಯಾದ ಈ ಸ್ಟೇಷನ್ನಿನ ಮುಂದೆ,
ಚೌಕದ ನಡುವೆಯೇ ಗಡಿಯಂತೆ, ಬೇಲಿ ಇಲ್ಲವಂತೆ.
ಅಲ್ಲಿ ಕೂರುತ್ತೇನೆ ಒಂದಿಡೀ ಮಧ್ಯಾಹ್ನ,
ಒಳ್ಳೆಯ ಕಾಲು ಸ್ಲೊವೇನಿಯಾದಲ್ಲಿ,
ಕೆಟ್ಟದ್ದು ಇಟಲಿಯಲ್ಲಿ.
ರಿಪೇರಿ ಖರ್ಚು ಅವರದು."

ಜಿತಾ ರಬ್ಬರು ಹುಡುಕಿದಳು.
ಆರನೇ ದಿನದ ಎರಡರಿಂದ ಆರು ಅಳಿಸಿದಳು,
ಅಲ್ಲಿ ಏನೂ ಬರೆಯಲಿಲ್ಲ.
ಉಫ್ ಎಂದು ಊದಿದ ಚೂರು
ಹಂಗೇರಿಯ ಮೇಲೆ ಬಿತ್ತು.
ನಾವು ಹೋಗದ ದೇಶ.

ಚಿಕ್ಕಮ್ಮ ಸೂಪಿನ ಬಟ್ಟಲು ತಂದು
ಜಾಗವಿಲ್ಲದೆ ಕಡಲ ಮೇಲೇ ಇಟ್ಟಳು.
ಎತ್ತಿದಾಗ ಟ್ರಿಯೆಸ್ಟೆಯ ಮುಂದೆ, ನೀಲಿಯಲ್ಲಿ,
ಹಸಿ ಹಸಿ ಕೆಂಪು ಸುತ್ತು.
"ಸರಿ, ಇಲ್ಲೇ ಧುಮುಕುವುದು" ಅಂದ ರೋಖ್.

"ಎಷ್ಟು ಆಳ?" ಎಂದುಬಿಟ್ಟೆ.
ಮೂವರೂ ಚಮಚ ಕೆಳಗಿಟ್ಟು
ನನ್ನತ್ತ ತಿರುಗಿದರು.